ಕಮಲಾ ಸೊಹೊನಿ ಮತ್ತು ಮೊಳಕೆ ಕಾಳಿನ ಪಾಠ

ಈ ಸಲದ ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಹುಣಸೂರು ತಾಲ್ಲೂಕಿನ ಗುರುಪುರದ ಕಡೆಯ ಒಂದು ಪ್ರೌಢಶಾಲೆ. ಒಂದು ಕಡೆ ಟಿಬೆಟನ್ ಕ್ಯಾಂಪುಗಳು, ಇನ್ನೊಂದು ಕಡೆ ಹೊಗೆಸೊಪ್ಪಿನ ಹೊಲಗಳು, ನಡುನಡುವೆ ಬ್ಯಾರನ್‌ಗಳು. ಹತ್ತನೇ ತರಗತಿಯ ಜೀವಕ್ರಿಯೆಗಳು ಅಧ್ಯಾಯದಲ್ಲಿ ಕಿಣ್ವಗಳ ಭಾಗವನ್ನು ನಾಲ್ಕು ಅವಧಿಗಳಲ್ಲಿ ಮುಗಿಸಬೇಕಿತ್ತು. ಪಠ್ಯದಲ್ಲಿ ಕಿಣ್ವ ಎಂದರೆ ಜೊಲ್ಲಿನ ಅಮೈಲೇಸ್, ಜಠರದ ಪೆಪ್ಸಿನ್, ಮೇದೋಜೀರಕ ರಸದ ಟ್ರಿಪ್ಸಿನ್. ಇವೆಲ್ಲ ಮಕ್ಕಳಿಗೆ ಹೆಸರುಗಳಷ್ಟೇ. ಆದರೆ ಅವರ ಮನೆಗಳಲ್ಲಿ ಹುರುಳಿಯನ್ನೋ ಹೆಸರುಕಾಳನ್ನೋ ನೆನೆಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸುವುದು ಹೊಸದಲ್ಲ. ಕಿಣ್ವದ ಪಾಠವನ್ನು ಆ ಗಂಟಿನಿಂದಲೇ ಶುರುಮಾಡೋಣ ಎಂದುಕೊಂಡೆ.

ಮೊದಲ ಪಾಠ ಚೆನ್ನಾಗಿ ಆಗಲಿಲ್ಲ. ಹೆಸರುಕಾಳನ್ನು ನಾಲ್ಕು ಬಗೆಯಲ್ಲಿ ಸಿದ್ಧಮಾಡಿದ್ದೆ: ಒಣ ಕಾಳು, ಒಂದು ರಾತ್ರಿ ನೆನೆದ ಕಾಳು, ಎರಡು ದಿನದ ಮೊಳಕೆ, ಕುದಿಸಿದ ಮೊಳಕೆ. ಪ್ರತಿಯೊಂದನ್ನೂ ಸ್ವಲ್ಪ ನೀರು ಹಾಕಿ ಅರೆದು, ಸೋಸಿ, ತೆಳುವಾದ ಪಿಷ್ಟದ ಗಂಜಿಗೆ ಬೆರೆಸಿ, ಆಗಾಗ ಒಂದೊಂದು ಹನಿ ತೆಗೆದು ಅಯೋಡಿನ್‌ಗೆ ಸೇರಿಸಿ ನೋಡಬೇಕು. ಅಮೈಲೇಸ್ ಪಿಷ್ಟವನ್ನು ಒಡೆದಂತೆ ನೀಲಿ ಬಣ್ಣ ಕಡಿಮೆಯಾಗಬೇಕು. ನನ್ನ ನಾಲ್ಕು ಪ್ರನಾಳಗಳೂ ಅವಧಿ ಮುಗಿಯುವವರೆಗೆ ನೀಲಿಯಾಗಿಯೇ ಉಳಿದವು. ಪಾಠ ವೀಕ್ಷಣೆಗೆ ಬಂದಿದ್ದ ಸಹಪಾಠಿ ತನ್ನ ಹಾಳೆಯಲ್ಲಿ ಅದನ್ನು ಗುರುತಿಸಿದ್ದ. ಅದರ ಕೆಳಗೆ ಇನ್ನೊಂದು ಸಾಲು ಬರೆದಿದ್ದ: ನಾಲ್ಕು ಗುಂಪುಗಳಲ್ಲೂ ಪ್ರನಾಳ ಹುಡುಗರ ಕೈಯಲ್ಲಿತ್ತು, ಹುಡುಗಿಯರ ಕೈಯಲ್ಲಿ ದಾಖಲೆ ಪುಸ್ತಕವಿತ್ತು.

ನಾನು ಹಾಗೆ ಮಾಡಿ ಎಂದು ಯಾರಿಗೂ ಹೇಳಿರಲಿಲ್ಲ. ಆದರೆ ತಡೆದೂ ಇರಲಿಲ್ಲ. ಪ್ರಯೋಗ ಕೆಟ್ಟಿದ್ದಕ್ಕಿಂತ ಈ ಸಾಲು ನನ್ನನ್ನು ಹೆಚ್ಚು ಕಾಡಿತು. ಮುಂದಿನ ಪಾಠಕ್ಕೆ ತಯಾರಿ ಮಾಡುವಾಗ, ಬೇಳೆಕಾಳಿನ ಪ್ರೋಟೀನುಗಳ ಮೇಲೆ ಕೆಲಸ ಮಾಡಿದ ಕಮಲಾ ಸೊಹೊನಿ ಅವರ ಬದುಕನ್ನು ಪಾಠದೊಳಗೆ ತರಲು ನಿರ್ಧರಿಸಿದೆ. ಆ ಬದುಕನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಯಾರಾದರೂ ಇದೇ ಪಾಠ ಮಾಡುವಾಗ ಉಪಯೋಗಕ್ಕೆ ಬರಲಿ ಎಂಬುದು ಉದ್ದೇಶ.

ಬೆಂಗಳೂರಿನ ಬಾಗಿಲು

ಕಮಲಾ ಭಾಗವತ್ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ತಂದೆ ನಾರಾಯಣರಾವ್, ಚಿಕ್ಕಂದಿನಿಂದ ಹತ್ತಿರದಿಂದ ಕಂಡ ಮಾಧವರಾವ್ ಭಾಗವತ್, ಇಬ್ಬರೂ ರಸಾಯನ ವಿಜ್ಞಾನಿಗಳು. ಇಬ್ಬರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಮೀನಿನಲ್ಲಿ ಎದ್ದ ಆ ಸಂಸ್ಥೆ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡದ್ದೂ 1911ರಲ್ಲೇ. ಮನೆಯಲ್ಲೇ ರಸಾಯನಶಾಸ್ತ್ರದ ಮಾತು ಕೇಳಿ ಬೆಳೆದ ಹುಡುಗಿಗೆ ತಾನೂ ಅಲ್ಲಿಗೆ ಹೋಗಬೇಕೆಂಬ ಆಸೆ ಇದ್ದದ್ದು ಸಹಜ.

1933ರಲ್ಲಿ ಕಮಲಾ ಮುಂಬಯಿ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರದಲ್ಲಿ ಬಿಎಸ್ಸಿ ಪಡೆದು, ಬೆಂಗಳೂರಿಗೆ ಸಂಶೋಧನೆಗೆ ಅರ್ಜಿ ಹಾಕಿದರು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಮೂರು ವರ್ಷದ ಹಿಂದೆಯಷ್ಟೇ ನೊಬೆಲ್ ಬಂದಿತ್ತು. ಅರ್ಜಿ ತಿರಸ್ಕೃತವಾಯಿತು. ಕಾರಣ ಅಂಕಗಳಲ್ಲ. ಹೆಂಗಸರು ಸಂಶೋಧನೆಗೆ ತಕ್ಕವರಲ್ಲ ಎಂಬ ಅಭಿಪ್ರಾಯ.

ಕಮಲಾ ಪತ್ರವನ್ನು ಮಡಚಿಟ್ಟು ಸುಮ್ಮನಾಗಲಿಲ್ಲ. ಬೆಂಗಳೂರಿಗೆ ಬಂದು ರಾಮನ್ ಅವರ ಕಚೇರಿಯ ಮುಂದೆ ನಿಂತರು. ಗಾಂಧೀಜಿಯ ಚಳವಳಿಗಳ ಕಾಲ ಅದು. ಸತ್ಯಾಗ್ರಹ ಎಲ್ಲರಿಗೂ ಗೊತ್ತಿದ್ದ ದಾರಿ. ತಿರಸ್ಕಾರಕ್ಕೆ ನ್ಯಾಯವಾದ ಕಾರಣ ಕೊಡಿ ಎಂಬುದು ಅವರ ಪಟ್ಟು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತುಗಳ ಮೇಲೆ. ಒಂದು ವರ್ಷ ಕಮಲಾ ಪೂರ್ಣ ವಿದ್ಯಾರ್ಥಿನಿಯಲ್ಲ, ಪರೀಕ್ಷಾವಧಿಯವರು. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ಕೆಲಸದ ಗುಣಮಟ್ಟ ನಿರ್ದೇಶಕರಿಗೆ ಒಪ್ಪಿಗೆಯಾಗುವವರೆಗೆ ಅದಕ್ಕೆ ಮನ್ನಣೆಯಿಲ್ಲ. ಪ್ರಯೋಗಾಲಯದ ವಾತಾವರಣ ಅವರಿಂದ ಕೆಡಬಾರದು.

ಕೊನೆಯ ಷರತ್ತನ್ನು ಓದಿದಾಗ ನನಗೇ ಮುಜುಗರವಾಯಿತು. ಗಂಡು ವಿದ್ಯಾರ್ಥಿಗಳ ಗಮನ ಚದುರಿದರೆ ಅದರ ಹೊಣೆಯೂ ಆಕೆಯದೇ ಎಂದಾಯಿತು. ಆ ಅವಮಾನವನ್ನು ಕಮಲಾ ಬದುಕಿನ ಕೊನೆಯವರೆಗೂ ಮರೆಯಲಿಲ್ಲ. ಆದರೆ ಷರತ್ತುಗಳಿಗೆ ಒಪ್ಪಿ ಒಳಗೆ ಹೋದರು.

ಅವರ ಮಾರ್ಗದರ್ಶಕರು ಎಂ. ಶ್ರೀನಿವಾಸಯ್ಯ. ಕಟ್ಟುನಿಟ್ಟಿನ ಮನುಷ್ಯ, ಆದರೆ ಕಲಿಯುವ ಮನಸ್ಸಿದ್ದವರಿಗೆ ಬಾಗಿಲು ಮುಚ್ಚಿದವರಲ್ಲ. ಅವರ ಕೈಕೆಳಗೆ ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಶುರುಮಾಡಿದರು. ವರ್ಷ ಕಳೆಯುವ ಹೊತ್ತಿಗೆ ರಾಮನ್ ಅವರಿಗೆ ಕೆಲಸ ಒಪ್ಪಿಗೆಯಾಗಿತ್ತು. ಕಮಲಾ ಜೀವರಸಾಯನಶಾಸ್ತ್ರದ ಪೂರ್ಣ ಸಂಶೋಧಕಿಯಾದರು. ಅಷ್ಟೇ ಅಲ್ಲ, ಅವರ ಬಳಿಕ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು.

ಬೆಂಗಳೂರಿನಲ್ಲಿ ಅವರು ಕೈಗೆತ್ತಿಕೊಂಡ ಪ್ರಶ್ನೆಗಳಲ್ಲಿ ಒಂದು, ಬೇಳೆಕಾಳಿನಲ್ಲಿ ಪ್ರೋಟೀನಿನ ಹೊರಗೆ ಇರುವ ಸಾರಜನಕದ್ದು. ಆಹಾರದಲ್ಲಿ ಪ್ರೋಟೀನು ಎಷ್ಟಿದೆ ಎಂದು ತಿಳಿಯಲು ಸಾಮಾನ್ಯವಾಗಿ ಅದರಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ. ಆದರೆ ಕಾಳಿನ ಸಾರಜನಕವೆಲ್ಲ ಪ್ರೋಟೀನಿನಲ್ಲೇ ಇರುವುದಿಲ್ಲ. ಒಂದು ಪಾಲು ಬಿಡಿ ಅಮೈನೊ ಆಮ್ಲಗಳಂಥ ಸಣ್ಣ ಅಣುಗಳಲ್ಲಿರುತ್ತದೆ. ಲೆಕ್ಕ ಸರಿಯಾಗಬೇಕಾದರೆ ಅದನ್ನು ಬೇರೆ ಮಾಡಿ ನೋಡಬೇಕು. ಬಡವರ ಊಟದಲ್ಲಿ ಪ್ರೋಟೀನಿಗೆ ಕಾಳೇ ಆಧಾರವಾಗಿದ್ದ ದೇಶದಲ್ಲಿ ಇದು ಬರಿಯ ಲೆಕ್ಕದ ಮಾತಾಗಿರಲಿಲ್ಲ. ಈ ಕೆಲಸಕ್ಕೆ 1936ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಅವರಿಗೆ ಎಂಎಸ್ಸಿ ಪದವಿ ಕೊಟ್ಟಿತು.

ಆಲೂಗಡ್ಡೆಯ ಉಸಿರು

ವಿದ್ಯಾರ್ಥಿವೇತನ ದೊರಕಿ, 1937ರಲ್ಲಿ ಕಮಲಾ ಕೇಂಬ್ರಿಜ್‌ಗೆ ಹೋದರು. ವಿಟಮಿನ್‌ಗಳ ಕೆಲಸಕ್ಕೆ ನೊಬೆಲ್ ಪಡೆದಿದ್ದ ಫ್ರೆಡರಿಕ್ ಹಾಪ್ಕಿನ್ಸ್ ಅವರ ಪ್ರಯೋಗಾಲಯ ಅದು. ಮೊದಲು ಡೆರೆಕ್ ರಿಕ್ಟರ್ ಅವರ ಜೊತೆ, ಅವರು ಬೇರೆಡೆ ಹೋದ ಮೇಲೆ ರಾಬಿನ್ ಹಿಲ್ ಅವರ ಜೊತೆ ಕೆಲಸ ಮಾಡಿದರು. ಹಿಲ್ ಸಸ್ಯಗಳ ಮೇಲೆ ಕೆಲಸ ಮಾಡುತ್ತಿದ್ದವರು. ಅಲ್ಲಿ ಕಮಲಾ ಆಲೂಗಡ್ಡೆಯನ್ನು ಪರೀಕ್ಷಿಸುತ್ತಾ, ಪ್ರಾಣಿಗಳ ಕೋಶಗಳಲ್ಲಿ ಕಂಡಿದ್ದ ಸೈಟೋಕ್ರೋಮ್ ಸಿ ಸಸ್ಯದ ಅಂಗಾಂಶಗಳಲ್ಲೂ ಇದೆ ಎಂದು ತೋರಿಸಿದರು. ಕೋಶ ಉಸಿರಾಡುವಾಗ, ಅಂದರೆ ಆಹಾರವನ್ನು ಆಮ್ಲಜನಕದೊಂದಿಗೆ ಸೇರಿಸಿ ಶಕ್ತಿ ಪಡೆಯುವಾಗ, ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸುವ ಪ್ರೋಟೀನುಗಳಲ್ಲಿ ಇದೂ ಒಂದು. ದನ ಉಸಿರಾಡುವ ಬಗೆಗೂ ಗೆಡ್ಡೆ ಉಸಿರಾಡುವ ಬಗೆಗೂ ಒಳಗೆ ನಂಟಿದೆ ಎಂದು ಇದರಿಂದ ತಿಳಿಯಿತು.

1939ರಲ್ಲಿ ಅವರಿಗೆ ಪಿಎಚ್‌ಡಿ ಬಂತು. ಕೆಲಸ ಮತ್ತು ಬರವಣಿಗೆ ಎರಡೂ ಸೇರಿ 14 ತಿಂಗಳು, ಮಹಾಪ್ರಬಂಧ 40 ಪುಟ. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅನೇಕ ಕಡೆ ಬರೆದಿರುತ್ತಾರೆ; ನನ್ನ ಪಾಠಯೋಜನೆಯಲ್ಲೂ ಹಾಗೆಯೇ ಬರೆದಿದ್ದೆ. ಆದರೆ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದಿದ್ದರು. ಆದ್ದರಿಂದ ಮೊದಲಿಗರಲ್ಲಿ ಒಬ್ಬರು ಎಂದು ತಿದ್ದಿಕೊಂಡೆ. ಒಬ್ಬರನ್ನು ದೊಡ್ಡವರು ಮಾಡಲು ಇನ್ನೊಬ್ಬರನ್ನು ಅಳಿಸಬೇಕಾಗಿಲ್ಲ.

ಅವರೆಕಾಳಿನೊಳಗಿನ ತಡೆ

ವಿದೇಶದಲ್ಲೇ ಉಳಿಯಬಹುದಿತ್ತಾದರೂ 1939ರಲ್ಲಿ ಕಮಲಾ ಭಾರತಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆಯಾದರು. ಬಳಿಕ ಕುನ್ನೂರಿನ ಪೌಷ್ಟಿಕಾಂಶ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕಿಯಾಗಿ ವಿಟಮಿನ್‌ಗಳ ಮೇಲೆ ಕೆಲಸ ಮಾಡಿದರು. 1947ರಲ್ಲಿ ಎಂ. ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬಯಿಗೆ ಬಂದರು. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸೇರಿ, ಬೆಂಗಳೂರಿನಲ್ಲಿ ಬಿಟ್ಟುಹೋಗಿದ್ದ ಬೇಳೆಕಾಳುಗಳಿಗೆ ಮತ್ತೆ ಬಂದರು.

ನಮ್ಮ ಪಾಠಕ್ಕೆ ತೀರ ಹತ್ತಿರವಾದ ಕೆಲಸ ನಡೆದದ್ದು ಇಲ್ಲಿ. ನಾವು ತಿಂದ ಪ್ರೋಟೀನನ್ನು ಸಣ್ಣಕರುಳಿನಲ್ಲಿ ಒಡೆಯುವ ಕಿಣ್ವ ಟ್ರಿಪ್ಸಿನ್. ಹಸಿ ಕಾಳುಗಳಲ್ಲಿ ಈ ಟ್ರಿಪ್ಸಿನ್ನಿಗೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುವ ಪ್ರೋಟೀನುಗಳಿರುತ್ತವೆ. ಕಾಳಿನಲ್ಲಿ ಪ್ರೋಟೀನು ಎಷ್ಟೇ ಇರಲಿ, ಈ ತಡೆ ಇರುವವರೆಗೆ ಅದು ಪೂರ್ತಿಯಾಗಿ ಮೈಗೆ ಹತ್ತುವುದಿಲ್ಲ. ಸೊಹೊನಿ ಮತ್ತು ಅವರ ಸಂಗಡಿಗರು ಭಾರತದ ತರಕಾರಿ ಮತ್ತು ಬೇಳೆಕಾಳುಗಳಲ್ಲಿ ಇಂಥ ತಡೆಗಳನ್ನು ಒಂದೊಂದಾಗಿ ಹುಡುಕಿದರು. 1955ರಲ್ಲಿ ಕೆ. ಎಸ್. ಅಂಬೆ ಅವರೊಡನೆ, ಅವರೆ ಮತ್ತು ಡಬಲ್ ಬೀನ್ ಕಾಳುಗಳಿಂದ ಈ ಪ್ರತಿಬಂಧಕಗಳನ್ನು ಹರಳುರೂಪದಲ್ಲಿ ಬೇರ್ಪಡಿಸಿದ್ದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಹರಳಾಗಿಸುವುದು ಯಾಕೆ ದೊಡ್ಡ ಮಾತು ಎಂದು ಮಕ್ಕಳು ಕೇಳಬಹುದು. ಕಲಬೆರಕೆ ಇದ್ದರೆ ಹರಳು ಕಟ್ಟುವುದು ಕಷ್ಟ. ಹರಳು ಕೈಗೆ ಬಂದರೆ ಆ ಗುಣ ಯಾವ ವಸ್ತುವಿನದು ಎಂದು ಬೆರಳಿಟ್ಟು ತೋರಿಸಬಹುದು. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಎಂಬ ಕಾಳಿನಿಂದ ಯೂರಿಯೇಸ್ ಕಿಣ್ವವನ್ನು ಹರಳಾಗಿಸಿ, ಕಿಣ್ವವೂ ಒಂದು ಪ್ರೋಟೀನು ಎಂದು ತೋರಿಸಿದ್ದು ಹೀಗೆಯೇ. ಕಿಣ್ವ ಸಿಕ್ಕಿದ್ದೂ ಕಾಳಿನಲ್ಲಿ, ಕಿಣ್ವಕ್ಕೆ ತಡೆ ಸಿಕ್ಕಿದ್ದೂ ಕಾಳಿನಲ್ಲಿ.

ಸೊಹೊನಿ ಅವರ ಕೆಲಸ ಬೇಳೆಕಾಳಿಗೇ ನಿಲ್ಲಲಿಲ್ಲ. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಸೂಚನೆಯಂತೆ ನೀರಾದ ಪೋಷಕಾಂಶಗಳನ್ನು ಅಧ್ಯಯನ ಮಾಡಿದರು. ಬುಡಕಟ್ಟು ಜನರ ಮಕ್ಕಳು ಮತ್ತು ಗರ್ಭಿಣಿಯರ ಆಹಾರಕ್ಕೆ ನೀರಾ ಸೇರಿದರೆ ಪ್ರಯೋಜನವಿದೆ ಎಂದು ತೋರಿಸಿದ ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಇಷ್ಟೆಲ್ಲ ಆದರೂ ಅವರು ತಮ್ಮ ಸಂಸ್ಥೆಯ ನಿರ್ದೇಶಕಿಯಾದದ್ದು ಬರಬೇಕಿದ್ದ ಕಾಲಕ್ಕಿಂತ ನಾಲ್ಕು ವರ್ಷ ತಡವಾಗಿ. 1933ರ ಬಾಗಿಲು ತೆರೆದಿತ್ತು, ಆದರೆ ಒಳಗೆ ಇನ್ನೂ ಬಾಗಿಲುಗಳಿದ್ದವು. ನಿವೃತ್ತಿಯ ನಂತರ ಗ್ರಾಹಕರ ಸಂಘಟನೆಯೊಂದಿಗೆ ದುಡಿದರು. 1982–83ರಲ್ಲಿ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾದ ಅಧ್ಯಕ್ಷೆಯಾಗಿದ್ದರು. 1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೆಹಲಿಯಲ್ಲಿ ಏರ್ಪಡಿಸಿದ್ದ ಸನ್ಮಾನದ ವೇಳೆ ಕುಸಿದುಬಿದ್ದರು. ಕೆಲವೇ ದಿನಗಳಲ್ಲಿ ತೀರಿಕೊಂಡರು.

ಮತ್ತೆ ತರಗತಿಗೆ

ಈ ಬದುಕನ್ನು ಹೇಳಲು ನನಗೆ ಒಂದು ಅಳುಕಿತ್ತು. ಶಾಲೆಯ ಗೋಡೆಯ ಮೇಲೆ ರಾಮನ್ ಅವರ ಚಿತ್ರವಿದೆ. ಪ್ರತಿ ಫೆಬ್ರವರಿ 28ರಂದು ಮಕ್ಕಳು ಅದಕ್ಕೆ ಹಾರ ಹಾಕಿ ವಿಜ್ಞಾನ ದಿನ ಆಚರಿಸುತ್ತಾರೆ. ಅದೇ ಚಿತ್ರದ ಕೆಳಗೆ ನಿಂತು ರಾಮನ್ ತಪ್ಪು ಮಾಡಿದ್ದರು ಎಂದು ಹೇಳುವುದು ಹೇಗೆ? ಕಥೆಯಿಂದ ಅವರ ಹೆಸರನ್ನೇ ಬಿಟ್ಟುಬಿಡಲೇ ಎಂದು ನನ್ನ ಮಾರ್ಗದರ್ಶಕ ಶಿಕ್ಷಕಿಯನ್ನು ಕೇಳಿದೆ. ಹೆಸರು ಬಿಟ್ಟರೆ ಅದು ಕಥೆಯಾಗುತ್ತದೆ, ಇತಿಹಾಸವಾಗುವುದಿಲ್ಲ ಎಂದರು. ಹೇಳುವುದಾದರೆ ಪೂರ್ತಿ ಹೇಳಿ ಎಂದೂ ಸೇರಿಸಿದರು. ಹಾಗೆಯೇ ಹೇಳಿದೆ: ಬೆಳಕಿನ ಚದುರುವಿಕೆಯಲ್ಲಿ ಸರಿಯಿದ್ದವರು ಹೆಣ್ಣುಮಕ್ಕಳ ವಿಚಾರದಲ್ಲಿ ತಪ್ಪಿದ್ದರು, ಒಂದು ವರ್ಷದ ಕೆಲಸವನ್ನು ಕಣ್ಣಾರೆ ಕಂಡ ಮೇಲೆ ನಿಲುವು ಬದಲಿಸಿದರು. ಪುರಾವೆ ಎದುರಿಗೆ ಬಂದಾಗ ಅಭಿಪ್ರಾಯ ಬದಲಾಗಬೇಕು ಎಂಬುದೂ ವಿಜ್ಞಾನದ ಪಾಠವೇ. ಆದರೆ ಆ ಪುರಾವೆ ಒದಗಿಸುವ ಭಾರ ಕಮಲಾ ಒಬ್ಬರ ಮೇಲೇ ಬಿದ್ದದ್ದು ನ್ಯಾಯವಾಗಿರಲಿಲ್ಲ. ಅವರ ಜೊತೆ ಸೇರಿದ ಗಂಡು ಹುಡುಗರನ್ನು ಯಾರೂ ಒಂದು ವರ್ಷ ಪರೀಕ್ಷಿಸಿರಲಿಲ್ಲ. ಮಕ್ಕಳು ಇದನ್ನು ನಾನು ಹೆದರಿದ್ದಕ್ಕಿಂತ ಸುಲಭವಾಗಿ ಅರ್ಥಮಾಡಿಕೊಂಡರು.

ಮುಂದಿನ ಪ್ರಯೋಗಕ್ಕೆ ಗುಂಪುಗಳನ್ನು ಹೊಸದಾಗಿ ಮಾಡಿದೆ. ಪ್ರತಿ ಹಂತಕ್ಕೂ ಕೆಲಸ ಅದಲುಬದಲಾಗಬೇಕು: ಅರೆದವರು ಬರೆಯಬೇಕು, ಬರೆದವರು ಹನಿ ಹಾಕಬೇಕು. ಹಿಂದಿನ ಸಲ ಎಲ್ಲವೂ ಯಾಕೆ ನೀಲಿಯಾಗಿಯೇ ಉಳಿಯಿತು ಎಂದು ಕೇಳಿದೆ. ಅವತ್ತು ದಾಖಲೆ ಪುಸ್ತಕ ಹಿಡಿದಿದ್ದ ಹುಡುಗಿಯೊಬ್ಬಳು, ಸೋಸಿದ ರಸ ಹಾಲಿನ ಹಾಗೆ ಬೆಳ್ಳಗಿತ್ತು ಸಾರ್ ಎಂದಳು. ಮನೆಯಲ್ಲಿ ಮಗುವಿಗೆ ರಾಗಿ ಹಾಲು ತೆಗೆಯುವಾಗ ಸೋಸಿ ಇಟ್ಟರೆ ಹಿಟ್ಟು ತಳಕ್ಕೆ ಇಳಿಯುತ್ತದೆ, ಮೇಲಿನ ನೀರು ತಿಳಿಯಾಗುತ್ತದೆ. ನೀವು ಇಳಿಯಲು ಬಿಡಲಿಲ್ಲ ಎಂಬುದು ಅವಳ ಮಾತಿನ ಸಾರ. ಅವಳು ಹೇಳಿದ್ದು ಸರಿ. ನನ್ನ ರಸದಲ್ಲಿ ಕಾಳಿನದೇ ಪಿಷ್ಟ ತುಂಬಿತ್ತು. ಗಂಜಿಯ ಪಿಷ್ಟವನ್ನು ಅಮೈಲೇಸ್ ಒಡೆದಿದ್ದರೂ ಅದು ಕಾಣುವ ಹಾಗಿರಲಿಲ್ಲ. ಈ ಸಲ ಎರಡು ಪದರ ಬಟ್ಟೆಯಲ್ಲಿ ಸೋಸಿ, ಕಾಲು ಗಂಟೆ ಇಟ್ಟು, ಮೇಲಿನ ತಿಳಿಯನ್ನಷ್ಟೇ ತೆಗೆದೆವು. ಮೊಳಕೆಯ ರಸ ಹಾಕಿದ ಪ್ರನಾಳದಲ್ಲಿ ನೀಲಿ ಎಲ್ಲಕ್ಕಿಂತ ಮೊದಲು ಮಾಯವಾಯಿತು. ಕುದಿಸಿದ ಮೊಳಕೆಯ ಪ್ರನಾಳ ಕೊನೆಯವರೆಗೂ ನೀಲಿಯಾಗಿತ್ತು.

ಅಲ್ಲಿಂದ ಪಾಠ ತಾನಾಗಿ ಮುಂದೆ ಸಾಗಿತು, ಮತ್ತು ಸೊಹೊನಿ ಅವರ ಬದುಕಿನ ಮೂರು ಘಟ್ಟಗಳು ಮೊಳಕೆಯ ಮೂರು ಘಟ್ಟಗಳಿಗೆ ಹೊಂದಿಕೊಂಡವು. ಕಾಳು ನೀರು ಕುಡಿದ ಕೆಲ ಹೊತ್ತಿನಲ್ಲೇ ಅದರ ಉಸಿರಾಟ ಚುರುಕಾಗುತ್ತದೆ. ಗಂಟನ್ನು ಬಿಗಿಯಾಗಿ ಮುಚ್ಚಿಟ್ಟರೆ ಒಳಗೆ ಬೆಚ್ಚಗಾಗುವುದು ಅದರಿಂದಲೇ. ಇಲ್ಲಿ ಕೇಂಬ್ರಿಜ್‌ನ ಸೈಟೋಕ್ರೋಮ್ ಕಥೆ. ಆಮೇಲೆ ಬೀಜದಳದಲ್ಲಿ ಕೂಡಿಟ್ಟ ಆಹಾರವನ್ನು ಕಿಣ್ವಗಳು ಬಿಡಿಸುತ್ತವೆ: ಅಮೈಲೇಸ್ ಪಿಷ್ಟವನ್ನು, ಪ್ರೋಟಿಯೇಸ್‌ಗಳು ಪ್ರೋಟೀನನ್ನು, ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ರಾಫಿನೋಸ್ ಬಗೆಯ ಸಕ್ಕರೆಗಳನ್ನು ಗ್ಯಾಲಕ್ಟೋಸಿಡೇಸ್, ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟ ಫೈಟಿಕ್ ಆಮ್ಲವನ್ನು ಫೈಟೇಸ್. ಪ್ರೋಟೀನು ಒಡೆದು ಬಿಡಿ ಅಮೈನೊ ಆಮ್ಲಗಳಾಗುವಾಗ ಪ್ರೋಟೀನಿನ ಹೊರಗಿನ ಸಾರಜನಕ ಹೆಚ್ಚುತ್ತದೆ. ಇಲ್ಲಿ ಬೆಂಗಳೂರಿನ ಕಥೆ. ಒಣ ಕಾಳಿನಲ್ಲಿ ಹೆಚ್ಚುಕಡಿಮೆ ಇಲ್ಲದ ವಿಟಮಿನ್ ಸಿ ಈ ಹಂತದಲ್ಲೇ ಹುಟ್ಟುತ್ತದೆ. ಕೊನೆಗೆ ಬೇಯಿಸುವ ಹಂತ. ಮೊಳಕೆ ಬರಿಸಿದರೆ ಟ್ರಿಪ್ಸಿನ್ ತಡೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಬಹುಪಾಲನ್ನು ಕೆಡಿಸುವುದು ಬೆಂಕಿಯೇ. ಹುರುಳಿ, ಅವರೆಗಳನ್ನು ನಮ್ಮ ಕಡೆ ಮೊಳಕೆ ಬಂದ ಮೇಲೂ ಬೇಯಿಸಿಯೇ ಸಾರು ಮಾಡುವುದರ ಹಿಂದಿನ ಲೆಕ್ಕ ಇದು. ಇಲ್ಲಿ ಮುಂಬಯಿಯ ಕಥೆ. ಕುದಿಸಿದ ಪ್ರನಾಳ ನೀಲಿಯಾಗಿ ಉಳಿದದ್ದಕ್ಕೂ ಇದೇ ಕಾರಣ ಎಂದು ಮಕ್ಕಳೇ ಜೋಡಿಸಿದರು: ಬಿಸಿ ಕಿಣ್ವವನ್ನೂ ಕೆಡಿಸುತ್ತದೆ, ತಡೆಯನ್ನೂ ಕೆಡಿಸುತ್ತದೆ, ಎರಡೂ ಪ್ರೋಟೀನುಗಳು.

ವಿಜ್ಞಾನಿಗಳ ಜೀವನವನ್ನು ನಾವು ಸಾಮಾನ್ಯವಾಗಿ ಪಾಠದ ಆರಂಭದಲ್ಲಿ ಎರಡು ನಿಮಿಷ ಹೇಳಿ, ಆಮೇಲೆ ಪಾಠಕ್ಕೆ ಹೋಗುತ್ತೇವೆ. ಈ ಸಲ ನನಗೆ ಗೊತ್ತಾದದ್ದು, ಆ ಬದುಕನ್ನು ತುಂಡು ಮಾಡಿ ಪ್ರಯೋಗದ ಒಂದೊಂದು ಹಂತಕ್ಕೆ ಸೇರಿಸಿದರೆ ಎರಡೂ ನಿಲ್ಲುತ್ತವೆ ಎಂಬುದು. ಇನ್ನೊಂದು ವಿಷಯ ನನ್ನ ಬಗ್ಗೆಯೇ. ಮನೆಯ ಕಾರಣಕ್ಕೆ ಮೂರು ವರ್ಷ ಓದು ಬಿಟ್ಟು ಮತ್ತೆ ಸೇರಿದವನು ನಾನು. ಈ ವಯಸ್ಸಿನಲ್ಲಿ ವೀಕ್ಷಣಾ ಹಾಳೆ ಹಿಡಿದವರ ಎದುರು ನಿಂತು ಪಾಠ ಮಾಡುವಾಗ, ನನ್ನನ್ನು ಮಾತ್ರ ಪರೀಕ್ಷಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಆದರೆ ಗೊತ್ತಿಲ್ಲದೆಯೇ ನಾನೂ ಒಂದು ಬಾಗಿಲಲ್ಲಿ ನಿಂತಿದ್ದೆ. ಯಾರ ಕೈಗೆ ಪ್ರನಾಳ, ಯಾರ ಕೈಗೆ ಪುಸ್ತಕ ಎಂದು ತೀರ್ಮಾನವಾಗುತ್ತಿದ್ದದ್ದು ಅಲ್ಲಿ. ನನ್ನ ಪ್ರಯೋಗ ಯಾಕೆ ಕೆಟ್ಟಿತು ಎಂದು ತಿಳಿದಿದ್ದವಳು ಮೊದಲ ದಿನವೇ ಆ ತರಗತಿಯಲ್ಲಿದ್ದಳು. ನಾನು ಅವಳನ್ನು ಕೇಳಿರಲಿಲ್ಲ, ಅಷ್ಟೇ.